ಯುಎಸ್‌ಬಿ ಮುನಿಸಿಕೊಂಡರೆ ಮದ್ದು ನಿಮ್ಮ ಕೈಯಲ್ಲೇ!

ಹಬ್ಬಕ್ಕೆ ಊರಿಗೆ ಹೋಗಿ ಬಂದಿದ್ದೀರಿ. ಫೋನಿನ ತುಂಬ ಫೋಟೊ, ವಿಡಿಯೊ. 'ಜಾಗ ಸಾಲದು' ಎಂದು ಅದು ದಿನಕ್ಕೆ ನಾಲ್ಕು ಸಲ ಗೊಣಗುತ್ತಿದೆ. ಮಧ್ಯಾಹ್ನದ ಕೆಲಸವೆಲ್ಲ ಮುಗಿಸಿ, ಬೀರುವಿನಲ್ಲಿಟ್ಟಿದ್ದ ಹಾರ್ಡ್‌ಡಿಸ್ಕ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತೀರಿ. ಅದರ ಪುಟ್ಟ ದೀಪ ಮಿನುಗುತ್ತದೆ. ಒಳಗಿಂದ 'ಟಕ್... ಟಕ್...' ಎಂಬ ಸದ್ದು. ಪರದೆಯ ಮೇಲೆ ಮಾತ್ರ ಏನೂ ಕಾಣಿಸುವುದಿಲ್ಲ. ತೆಗೆದು ಮತ್ತೆ ಹಾಕಿದರೂ ಅಷ್ಟೇ. ಸಂಜೆ ಮನೆಯವರು ಬಂದವರೇ, 'ಏನೇ ಮಾಡ್ದೆ ಇದಕ್ಕೆ? ನಿನ್ನೆ ತನಕ ಚೆನ್ನಾಗಿತ್ತಲ್ಲ!' ಎನ್ನುತ್ತಾರೆ. ಮಗನಂತೂ, 'ಅಮ್ಮಾ, ನಿಂಗೆ ಗೊತ್ತಾಗಲ್ಲ, ಮುಟ್ಬೇಡ ಬಿಡು' ಎಂದುಬಿಡುತ್ತಾನೆ.

ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ನಡೆಯುವ ಮಾತಿದು, ಅಲ್ಲವೇ? ಆದರೆ ಗಾಬರಿ ಬೇಡ. ಇಂಥ ಸಂದರ್ಭಗಳಲ್ಲಿ ಬಹಳಷ್ಟು ಸಲ ಯಾವುದೂ ಕೆಟ್ಟಿರುವುದೇ ಇಲ್ಲ. ಒಂದೋ ಆ ಕಿಂಡಿಯಿಂದ ಹೋಗುತ್ತಿರುವ ಕರೆಂಟ್ ಸಾಲುತ್ತಿರುವುದಿಲ್ಲ, ಇಲ್ಲವೇ ಮಾಹಿತಿ ಹೋಗುವ ದಾರಿ ಕಿರಿದಾಗಿರುತ್ತದೆ. ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೋ ಹುಳಿ ಹೆಚ್ಚಾಯಿತೋ ಎಂದು ಒಂದು ಹನಿಯಲ್ಲೇ ಹೇಳುವ ನಿಮಗೆ ಇದು ದೊಡ್ಡ ವಿಷಯವೇ ಅಲ್ಲ. ಬೇಕಾದದ್ದು ಅರ್ಧ ಗಂಟೆಯ ಬಿಡುವು, ಸ್ವಲ್ಪ ತಾಳ್ಮೆ.

ಎಲ್ಲಕ್ಕಿಂತ ಮೊದಲು ಈ ಎಚ್ಚರಿಕೆ

ಲ್ಯಾಪ್‌ಟಾಪ್ ಹೋದರೆ ಇನ್ನೊಂದು ತರಬಹುದು. ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಈಗ ನಮ್ಮೊಡನಿಲ್ಲದ ಅಪ್ಪನ ದನಿ, ಅಕ್ಕನ ಮದುವೆಯ ಫೋಟೊ ಯಾವ ಅಂಗಡಿಯಲ್ಲಿ ಸಿಗುತ್ತವೆ ಹೇಳಿ? ಆದ್ದರಿಂದ ರಿಪೇರಿಯ ಮಾತು ಆಮೇಲೆ. ಮೊದಲು ಒಳಗಿರುವುದನ್ನು ಉಳಿಸಿಕೊಳ್ಳುವ ಮಾತು.

ಕರೆಂಟ್ ಸಾಲದೆ ಹಾರ್ಡ್‌ಡಿಸ್ಕ್ ಅರೆಬರೆಯಾಗಿ ತೆರೆದುಕೊಂಡಾಗ ವಿಂಡೋಸ್ ಕೆಲವೊಮ್ಮೆ ಒಂದು ಸಂದೇಶ ತೋರಿಸುತ್ತದೆ. 'ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂಬುದು ಅದರ ಅರ್ಥ. ಅಲ್ಲಿ ದಯವಿಟ್ಟು 'ಫಾರ್ಮ್ಯಾಟ್ ಡಿಸ್ಕ್' ಒತ್ತಲೇಬೇಡಿ. 'ಕ್ಯಾನ್ಸಲ್' ಒತ್ತಿ. ಫಾರ್ಮ್ಯಾಟ್ ಎಂದರೆ ಒಳಗಿನದ್ದನ್ನೆಲ್ಲ ಒರೆಸಿ ಹಾಕುವುದು. ಹಾಗೊಂದು ಸಂದೇಶ ಬಂದ ಮಾತ್ರಕ್ಕೆ ಫೋಟೊಗಳು ಹೋದವು ಎಂದಲ್ಲ. ಬೇರೆ ಕೇಬಲ್, ಬೇರೆ ಪೋರ್ಟ್ ಸಿಕ್ಕ ಕೂಡಲೇ ಎಲ್ಲವೂ ಮೊದಲಿನಂತೆ ಕಾಣಿಸುವುದುಂಟು.

ಇನ್ನೊಂದು ಮಾತು. 'ಟಕ್ ಟಕ್' ಸದ್ದು ಬರುತ್ತಿದ್ದರೆ ಹತ್ತು ಸಲ ತೆಗೆದು ಹಾಕುವ ಆಟ ಬೇಡ. ಆ ಸದ್ದಿಗೆ ಎರಡು ಕಾರಣಗಳಿರಬಹುದು. ಒಂದು, ಒಳಗಿನ ತಟ್ಟೆ ತಿರುಗಲು ಶಕ್ತಿ ಸಾಲುತ್ತಿಲ್ಲ. ಎರಡು, ಹಾರ್ಡ್‌ಡಿಸ್ಕೇ ಸವೆದಿದೆ. ಮೊದಲನೆಯದಾದರೆ ಪೋರ್ಟ್ ಬದಲಿಸಿದಾಗ ಸದ್ದು ನಿಲ್ಲುತ್ತದೆ. ಒಳ್ಳೆಯ ಕೇಬಲ್, ಬೇರೆ ಲ್ಯಾಪ್‌ಟಾಪ್ ಎರಡರಲ್ಲೂ ಸದ್ದು ಹಾಗೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಡೇಟಾ ರಿಕವರಿ ಮಾಡುವವರ ಹತ್ತಿರ ತೋರಿಸುವುದೇ ಕ್ಷೇಮ.

ಈ ಪುಟ್ಟ ಕಿಂಡಿಯೊಳಗೆ ಏನಿದೆ?

ಯುಎಸ್‌ಬಿ ಹುಟ್ಟಿದ್ದು 1996ರಲ್ಲಿ. ಅದಕ್ಕೂ ಮೊದಲು ಪ್ರಿಂಟರಿಗೊಂದು ಕಿಂಡಿ, ಮೌಸಿಗೊಂದು, ಕೀಬೋರ್ಡಿಗೆ ಇನ್ನೊಂದು. ಒಂದರ ವೈರು ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಕಿಂಡಿ ಇರಲಿ ಎಂಬ ಯೋಚನೆಯನ್ನು ಇಂಟೆಲ್ ಕಂಪನಿಯಲ್ಲಿ ಮುಂದೆ ನಿಂತು ಸಾಕಾರ ಮಾಡಿದ ತಂಡದ ಮುಂದಾಳು ನಮ್ಮ ದೇಶದವರೇ. ಗುಜರಾತಿನ ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್. ಕಂಪ್ಯೂಟರ್ ಗೊತ್ತಿಲ್ಲದ ಮನೆಮಂದಿಯೂ ಪ್ಲಗ್ ಹಾಕಿದಷ್ಟೇ ಸುಲಭವಾಗಿ ಬಳಸುವಂತಿರಬೇಕು ಎಂಬುದೇ ಇದರ ಮೂಲ ಉದ್ದೇಶ. ಅಂದಮೇಲೆ 'ನಿಂಗೆ ಗೊತ್ತಾಗಲ್ಲ' ಎನ್ನುವ ಮಾತು ಯುಎಸ್‌ಬಿಗಂತೂ ಸಲ್ಲುವುದಿಲ್ಲ!

ಈ ಕಿಂಡಿ ಎರಡು ಕೆಲಸ ಮಾಡುತ್ತದೆ. ಹಳೆಯ ಯುಎಸ್‌ಬಿಯಲ್ಲಿ ಇರುವುದು ನಾಲ್ಕೇ ತಂತಿ. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ದೀಪ ಉರಿಯುತ್ತಿದೆ ಆದರೆ ಪರದೆಯಲ್ಲಿ ಏನೂ ಕಾಣಿಸುತ್ತಿಲ್ಲ ಎಂದರೆ ಕರೆಂಟ್ ಒಂದಿಷ್ಟು ಹೋಗುತ್ತಿದೆ, ಮಾಹಿತಿ ಹೋಗುತ್ತಿಲ್ಲ ಎಂದರ್ಥ. ದೀಪವೇ ಇಲ್ಲದಿದ್ದರೆ ಕರೆಂಟೇ ಹೋಗುತ್ತಿಲ್ಲ ಎಂದುಕೊಳ್ಳಬಹುದು. ಈ ಒಂದು ವ್ಯತ್ಯಾಸ ಗಮನಿಸಿದರೆ ಅರ್ಧ ಪತ್ತೆ ಕೆಲಸ ಮುಗಿದಂತೆ.

5 ಆಂಪಿಯರ್, 15 ಆಂಪಿಯರ್ ಪ್ಲಗ್ ಇದ್ದ ಹಾಗೆ

ಮನೆಯಲ್ಲಿ ಗೀಸರನ್ನು ಯಾರಾದರೂ ಟಿವಿ ಪಕ್ಕದ ಸಣ್ಣ ಪ್ಲಗ್ಗಿಗೆ ಹಾಕುತ್ತಾರೆಯೇ? ಅದಕ್ಕೆ 15 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು ಎನ್ನುವುದು ನಮಗೆಲ್ಲ ಗೊತ್ತು. ಯುಎಸ್‌ಬಿಯಲ್ಲೂ ಹೀಗೆಯೇ ಸಣ್ಣದು, ದೊಡ್ಡದು ಇದೆ. ಆದರೆ ನೋಡಲು ಒಂದೇ ಥರ ಇರುವುದರಿಂದ ಗೊಂದಲ.

ಯುಎಸ್‌ಬಿ 2.0 ಬಂದದ್ದು 2000ದಲ್ಲಿ. ಅದರ ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್ ಕೊಡುತ್ತದೆ. ಅಂದರೆ ಎರಡೂವರೆ ವ್ಯಾಟ್. 2008ರಲ್ಲಿ ಬಂದ ಯುಎಸ್‌ಬಿ 3.0 ಇದನ್ನು 900 ಮಿಲಿ ಆಂಪಿಯರಿಗೆ ಏರಿಸಿತು. 2014ರಲ್ಲಿ ಬಂದ, ಹೇಗೆ ತಿರುಗಿಸಿ ಹಾಕಿದರೂ ಸೇರುವ ಟೈಪ್ ಸಿ ಪೋರ್ಟ್ 5 ವೋಲ್ಟಿನಲ್ಲೇ 3 ಆಂಪಿಯರ್‌ವರೆಗೂ ಕೊಡಬಲ್ಲದು. ಎಷ್ಟು ಕೊಡುತ್ತದೆ ಎಂಬುದು ಲ್ಯಾಪ್‌ಟಾಪ್ ಮಾಡಿದವರ ನಿರ್ಧಾರ.

ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಎಲ್ಲ ಸಣ್ಣ ಹೊಟ್ಟೆಯವು. ತಿರುಗುವ ಹಾರ್ಡ್‌ಡಿಸ್ಕ್ ಹಾಗಲ್ಲ. ಮಿಕ್ಸಿ ಶುರುವಾಗುವಾಗ ಒಂದು ಕ್ಷಣ ದೀಪ ಮಂಕಾಗುವುದನ್ನು ನೋಡಿದ್ದೀರಲ್ಲ, ಹಾಗೆಯೇ ಹಾರ್ಡ್‌ಡಿಸ್ಕ್ ತಿರುಗಲು ಶುರುವಾಗುವಾಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಕೆಲವಕ್ಕೆ ಆ ಕ್ಷಣದಲ್ಲಿ 1 ಆಂಪಿಯರ್ ಹತ್ತಿರ ಬೇಕಾಗುತ್ತದೆ. 500 ಮಿಲಿ ಆಂಪಿಯರಿನ ಪೋರ್ಟ್ ಅಲ್ಲಿ ಕೈಚೆಲ್ಲುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ಗಳ ಜೊತೆ ಎರಡು ತಲೆಯ ಕೇಬಲ್ ಬರುತ್ತಿದ್ದುದು ಇದಕ್ಕೇ. ಎರಡು ಪೋರ್ಟುಗಳಿಂದ ಕರೆಂಟ್ ಕುಡಿಯಲಿ ಎಂದು! ಅಂಥ ಕೇಬಲ್ ಮನೆಯಲ್ಲಿದ್ದರೆ ಎಸೆಯಬೇಡಿ. ಎರಡೂ ತಲೆಗಳನ್ನು ಸಿಕ್ಕಿಸಿ.

ಪೋರ್ಟಿನ ಗುರುತು ಹಿಡಿಯಿರಿ

ಲ್ಯಾಪ್‌ಟಾಪನ್ನು ಬೆಳಕಿಗೆ ಹಿಡಿದು ಪಕ್ಕದ ಕಿಂಡಿಗಳನ್ನು ನೋಡಿ. ಒಳಗಿನ ಪ್ಲಾಸ್ಟಿಕ್ ಪಟ್ಟಿ ನೀಲಿ ಬಣ್ಣದ್ದಾಗಿದ್ದರೆ ಅದು ಸಾಮಾನ್ಯವಾಗಿ 3.0. ಕಪ್ಪು ಅಥವಾ ಬಿಳಿ ಇದ್ದರೆ ಬಹುಪಾಲು 2.0. ಹಾಗಂತ ಬಣ್ಣವನ್ನೇ ಪೂರ್ತಿ ನಂಬಬೇಡಿ, ಕೆಲವು ಕಂಪನಿಗಳು ಚೆಂದಕ್ಕೆಂದು ಎಲ್ಲವನ್ನೂ ಕಪ್ಪಾಗಿಯೇ ಮಾಡುತ್ತವೆ. ಪಕ್ಕದಲ್ಲಿ ತ್ರಿಶೂಲದಂಥ ಗುರುತಿನ ಜೊತೆ 'ಎಸ್‌ಎಸ್' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ವೇಗದ ಪೋರ್ಟ್. ಉದ್ದನೆಯ ಹಳೆಯ ಮಾದರಿಯ ಪೋರ್ಟಿನ ಪಕ್ಕ ಮಿಂಚಿನ ಅಥವಾ ಬ್ಯಾಟರಿಯ ಗುರುತಿದ್ದರೆ ಅದು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮಲಗಿದ್ದಾಗಲೂ ಫೋನಿಗೆ ಕರೆಂಟ್ ಕೊಡುತ್ತದೆ.

ಒಮ್ಮೆ ಗೊತ್ತಾದ ಮೇಲೆ ಮಸಾಲೆ ಡಬ್ಬಿಗೆ ಚೀಟಿ ಅಂಟಿಸುವ ಹಾಗೆ ಪೋರ್ಟಿನ ಮೇಲ್ಭಾಗದಲ್ಲಿ ಒಂದು ಪುಟ್ಟ ಬಣ್ಣದ ಸ್ಟಿಕರ್ ಅಂಟಿಸಿಬಿಡಿ. ಹಾರ್ಡ್‌ಡಿಸ್ಕ್ ಯಾವಾಗಲೂ ಇದಕ್ಕೇ ಎಂದು ಮನೆಯವರಿಗೆಲ್ಲ ಹೇಳಿಡಿ.

ಒಂದೊಂದೇ ಬದಲಿಸಿ ನೋಡಿ

ಈಗ ಪತ್ತೇದಾರಿ ಕೆಲಸ. ತೊಂದರೆ ಇರಬಹುದಾದ ಜಾಗ ನಾಲ್ಕೇ. ಕೇಬಲ್, ಪೋರ್ಟ್, ಸಿಕ್ಕಿಸಿದ ವಸ್ತು ಮತ್ತು ಲ್ಯಾಪ್‌ಟಾಪಿನ ಸೆಟ್ಟಿಂಗ್. ಗುಟ್ಟೇನೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ನಾಳೆ ಮತ್ತೆ ಅದೇ ಗೋಳು.

ಮೊದಲು ಬೇರೆಲ್ಲ ತೆಗೆದುಬಿಡಿ. ಮೌಸ್, ಪ್ರಿಂಟರ್, ಯುಎಸ್‌ಬಿ ಫ್ಯಾನ್, ಚಾರ್ಜಿಗೆ ಹಾಕಿದ್ದ ಸೊಳ್ಳೆ ಬ್ಯಾಟ್ ಎಲ್ಲವೂ ಹೊರಗೆ. ಲ್ಯಾಪ್‌ಟಾಪಿಗೆ ಅದರ ಚಾರ್ಜರ್ ಹಾಕಿ. ಬ್ಯಾಟರಿ ತೀರಾ ಇಳಿದಾಗ ಕೆಲವು ಲ್ಯಾಪ್‌ಟಾಪ್‌ಗಳು ಪೋರ್ಟಿಗೆ ಕೊಡುವ ಕರೆಂಟಿನಲ್ಲೂ ಜಿಪುಣತನ ತೋರಿಸುತ್ತವೆ.

ನಂತರ ಪೋರ್ಟ್ ಬದಲಿಸಿ. ಎಡಗಡೆಯದು ಬಿಟ್ಟು ಬಲಗಡೆಯದಕ್ಕೆ ಹಾಕಿ. ಅಲ್ಲಿ ಸರಿಯಾಯಿತೇ? ಹಾಗಾದರೆ ವಸ್ತುವೂ ಚೆನ್ನಾಗಿದೆ, ಕೇಬಲ್ಲೂ ಚೆನ್ನಾಗಿದೆ. ತೊಂದರೆ ಆ ಮೊದಲ ಪೋರ್ಟಿನದು.

ಅಲ್ಲೂ ಆಗಲಿಲ್ಲವೇ? ಕೇಬಲ್ ಬದಲಿಸಿ. ನಿಜ ಹೇಳಬೇಕೆಂದರೆ ದೊಡ್ಡ ಕಳ್ಳ ಇದೇ! ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗಿನ ಎರಡು ತಂತಿಗಳಷ್ಟೇ ಇರುತ್ತವೆ, ಮಾಹಿತಿಯ ತಂತಿಯೇ ಇರುವುದಿಲ್ಲ. ಫೋನ್ ಚಾರ್ಜ್ ಆಗುತ್ತದೆ, ಫೋಟೊ ಮಾತ್ರ ಬರುವುದಿಲ್ಲ. ಇನ್ನು ಕೆಲವು ತೀರಾ ತೆಳ್ಳಗೆ, ತೀರಾ ಉದ್ದ. ತೆಳು ಪೈಪಿನಲ್ಲಿ ಮೂರನೇ ಮಹಡಿಗೆ ನೀರು ಹತ್ತುವಷ್ಟರಲ್ಲಿ ಒತ್ತಡ ಕಡಿಮೆಯಾಗುವ ಹಾಗೆ ಇಲ್ಲೂ ವೋಲ್ಟೇಜ್ ಸೋರಿಹೋಗುತ್ತದೆ. ಹಾರ್ಡ್‌ಡಿಸ್ಕಿಗೆ ಗಿಡ್ಡ, ದಪ್ಪ ಕೇಬಲ್ಲೇ ಸರಿ.

ಫೋನನ್ನು ಲ್ಯಾಪ್‌ಟಾಪಿಗೆ ಹಾಕಿದ್ದರೆ ಇನ್ನೊಂದು ಸಂಗತಿ. ಆಂಡ್ರಾಯ್ಡ್ ಫೋನ್‌ಗಳು ಮೊದಲಿಗೆ 'ಚಾರ್ಜಿಂಗ್ ಮಾತ್ರ' ಎಂಬ ಸ್ಥಿತಿಯಲ್ಲೇ ಇರುತ್ತವೆ. ಫೋನಿನ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಯುಎಸ್‌ಬಿ ಸೂಚನೆ ಮುಟ್ಟಿ, 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಇಷ್ಟಕ್ಕೇ ಕೇಬಲ್ ಎಸೆದು ಹೊಸದು ತಂದವರೂ ಇದ್ದಾರೆ!

ಕೊನೆಗೆ ಆ ವಸ್ತುವನ್ನೇ ಪಕ್ಕದ ಮನೆಯವರದೋ, ತಂಗಿ ಮನೆಯದೋ ಬೇರೆ ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಅಲ್ಲಿ ಕೆಲಸ ಮಾಡಿದರೆ ನಿಮ್ಮ ಲ್ಯಾಪ್‌ಟಾಪಿನ ಕಡೆ ಗಮನ ಕೊಡಬೇಕು. ಅಲ್ಲೂ ಮಾಡದಿದ್ದರೆ ವಸ್ತುವಿನಲ್ಲೇ ದೋಷ.

ಹಬ್ ಎಂಬ ಒಟ್ಟು ಕುಟುಂಬ

ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಪೋರ್ಟುಗಳೇ ಎರಡೋ ಮೂರೋ. ಹಾಗಾಗಿ ಒಂದು ಬಾಯಿಗೆ ನಾಲ್ಕು ಬಾಯಿ ಮಾಡಿಕೊಡುವ ಹಬ್ ಎಲ್ಲರ ಮನೆಗೂ ಬಂದಿದೆ. ಅದು ಕಿಂಡಿಯನ್ನು ನಾಲ್ಕು ಮಾಡುತ್ತದೆಯೇ ಹೊರತು ಕರೆಂಟನ್ನಲ್ಲ. ಬರುವ ಅದೇ 500 ಅಥವಾ 900 ಮಿಲಿ ಆಂಪಿಯರನ್ನು ನಾಲ್ವರೂ ಹಂಚಿಕೊಳ್ಳಬೇಕು. ಒಂದೇ ಲೀಟರ್ ಹಾಲನ್ನು ಬಂದ ನೆಂಟರಿಗೆಲ್ಲ ಹಂಚಿದಂತೆ! ಅದರಲ್ಲಿ ಹಾರ್ಡ್‌ಡಿಸ್ಕೂ ಸೇರಿದರೆ ಕೇಳುವುದೇ ಬೇಡ, ಫೋಟೊ ಕಾಪಿ ಆಗುತ್ತಿರುವಾಗಲೇ ಮಧ್ಯದಲ್ಲಿ ಕೈಕೊಡುತ್ತದೆ.

ಆದ್ದರಿಂದ ಹಬ್ಬಿಗೆ ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಹಾಕಿ. ಹಾರ್ಡ್‌ಡಿಸ್ಕ್ ನೇರವಾಗಿ ಲ್ಯಾಪ್‌ಟಾಪಿಗೇ ಇರಲಿ. ಹಬ್ ಬಿಟ್ಟು ಬೇರೆ ದಾರಿಯೇ ಇಲ್ಲವೆಂದರೆ ಗೋಡೆಗೆ ಹಾಕುವ ತನ್ನದೇ ಅಡಾಪ್ಟರ್ ಇರುವ ಹಬ್ ಕೇಳಿ ತನ್ನಿ. ಅಂಗಡಿಯಲ್ಲಿ 'ಪವರ್ಡ್ ಹಬ್' ಎಂದರೆ ಕೊಡುತ್ತಾರೆ.

ಫೋನ್ ಲ್ಯಾಪ್‌ಟಾಪಿನಲ್ಲಿ ಯಾಕೆ ಇಷ್ಟು ನಿಧಾನ ಚಾರ್ಜ್ ಆಗುತ್ತದೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಎರಡೂವರೆ ವ್ಯಾಟಿನ ಹಳೆಯ ಪೋರ್ಟಿನಲ್ಲಿ 5000 ಮಿಲಿ ಆಂಪಿಯರ್ ಅವರ್ ಬ್ಯಾಟರಿ ತುಂಬಲು ಎಂಟು-ಹತ್ತು ಗಂಟೆ ಹಿಡಿಯುತ್ತದೆ. ಫೋನೂ ಕೆಟ್ಟಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ. ಫೋನಿಗೆ ಅದರ ಚಾರ್ಜರೇ ಸರಿ.

ಪೋರ್ಟ್ ಪೂರ್ತಿ ಸತ್ತಂತಿದ್ದರೆ

ಒಂದು ಪೋರ್ಟಿನಲ್ಲಿ ಯಾವುದನ್ನು ಹಾಕಿದರೂ ಉಸಿರೇ ಇಲ್ಲವೇ? 'ಯುಎಸ್‌ಬಿ ಪೋರ್ಟಿನಲ್ಲಿ ಪವರ್ ಸರ್ಜ್' ಎಂಬ ಅರ್ಥದ ಸಂದೇಶ ಬಂದಿತ್ತೇ? ಹಾಗಾದರೆ ಸಿಕ್ಕಿಸಿದ ಯಾವುದೋ ವಸ್ತು ಮಿತಿಗಿಂತ ಹೆಚ್ಚು ಕರೆಂಟ್ ಎಳೆದಿದೆ, ಲ್ಯಾಪ್‌ಟಾಪ್ ತನ್ನನ್ನು ಕಾಪಾಡಿಕೊಳ್ಳಲು ಪೋರ್ಟನ್ನು ಆಫ್ ಮಾಡಿಕೊಂಡಿದೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಶಾರ್ಟ್ ಆದಾಗ ಎಂಸಿಬಿ ಕೆಳಗೆ ಬೀಳುತ್ತದಲ್ಲ, ಹಾಗೆಯೇ. ಬಿದ್ದ ಎಂಸಿಬಿಯನ್ನು ಎತ್ತುವ ಮುನ್ನ ಇಸ್ತ್ರಿಪೆಟ್ಟಿಗೆ ತೆಗೆಯುತ್ತೀರಿ. ಇಲ್ಲೂ ಆ ತಂಟೆಕೋರ ವಸ್ತುವನ್ನು ಮೊದಲು ತೆಗೆಯಿರಿ, ಮತ್ತೆ ಹಾಕಬೇಡಿ.

ಆಮೇಲೆ ಹೀಗೆ ಮಾಡಿ. ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡಿ. ಚಾರ್ಜರ್ ತೆಗೆಯಿರಿ. ಸಿಕ್ಕಿಸಿದ್ದೆಲ್ಲವನ್ನೂ ತೆಗೆಯಿರಿ. ಬ್ಯಾಟರಿ ಹೊರಗೆ ಬರುವ ಹಳೆಯ ಮಾದರಿಯಾದರೆ ಅದನ್ನೂ ತೆಗೆಯಿರಿ. ಈಗ ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಿ, ಪೋರ್ಟನ್ನು ನೋಡಿಕೊಳ್ಳುವ ಭಾಗ ಹೊಸದಾಗಿ ಶುರುವಾಗುತ್ತದೆ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಸತ್ತಿತೆಂದುಕೊಂಡ ಎಷ್ಟೋ ಪೋರ್ಟುಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಇಲ್ಲಿ ಒಂದು ಕಿವಿಮಾತು. ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಮಾಡಿದರೂ ಲ್ಯಾಪ್‌ಟಾಪ್ ಪೂರ್ತಿ ಮಲಗುವುದಿಲ್ಲ. ಬೇಗ ಏಳಲೆಂದು ಅರ್ಧ ನೆನಪನ್ನು ಉಳಿಸಿಕೊಂಡಿರುತ್ತದೆ. ಆದ್ದರಿಂದ ಸಣ್ಣಪುಟ್ಟ ತೊಂದರೆಗೆ 'ಶಟ್‌ಡೌನ್' ಗಿಂತ 'ರೀಸ್ಟಾರ್ಟ್' ಹೆಚ್ಚು ಗುಣಕಾರಿ.

ಕಿಂಡಿಯ ಒಳಗೂ ಒಮ್ಮೆ ಇಣುಕಿ. ಅಡುಗೆಮನೆ ಕಟ್ಟೆಯ ಮೇಲೆ ರೆಸಿಪಿ ನೋಡುತ್ತಾ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಹಿಟ್ಟಿನ ಪುಡಿ, ಒಗ್ಗರಣೆಯ ಜಿಡ್ಡು, ಹತ್ತಿಯ ಎಳೆ ಸೇರಿಕೊಂಡಿರುವುದು ಸಹಜ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಊದಿ. ಅಂಟಿಕೊಂಡ ಎಳೆ ಇದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಸೇಫ್ಟಿಪಿನ್, ಹೇರ್‌ಪಿನ್ ಖಂಡಿತ ಬೇಡ. ಬಾಯಲ್ಲಿ ಊದುವುದೂ ಬೇಡ, ಎಂಜಲಿನ ತೇವ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆಯಂತೂ ಹತ್ತಿರಕ್ಕೂ ಬರಬಾರದು.

ಸ್ವಲ್ಪ ಹೊತ್ತು ಚೆನ್ನಾಗಿದ್ದು ಆಮೇಲೆ ಮಾಯವಾದರೆ

ಮೌಸ್ ಹತ್ತು ನಿಮಿಷ ಕೆಲಸ ಮಾಡಿ ಸುಮ್ಮನಾಗುತ್ತದೆ, ಅಲುಗಾಡಿಸಿದರೂ ಏಳುವುದಿಲ್ಲ. ಹಾರ್ಡ್‌ಡಿಸ್ಕ್ ಕಾಣಿಸಿ ಮರೆಯಾಗುತ್ತದೆ. ಇದು ಲ್ಯಾಪ್‌ಟಾಪಿನ ಮಿತವ್ಯಯದ ಅಭ್ಯಾಸ. ಬ್ಯಾಟರಿ ಉಳಿಸಲು ಸುಮ್ಮನಿರುವ ಪೋರ್ಟಿನ ಕರೆಂಟನ್ನು ಅದು ನಿಲ್ಲಿಸುತ್ತದೆ. ಯಾರೂ ಇಲ್ಲದ ಕೋಣೆಯ ದೀಪ ಆರಿಸುತ್ತಾ ಓಡಾಡುವ ಅತ್ತೆಯವರ ಹಾಗೆ! ಒಳ್ಳೆಯ ಅಭ್ಯಾಸವೇ, ಆದರೆ ಕೆಲವು ವಸ್ತುಗಳು ಮಲಗಿದರೆ ಮತ್ತೆ ಏಳುವುದಿಲ್ಲ.

ಇದನ್ನು ಸರಿಪಡಿಸಲು 'ಸ್ಟಾರ್ಟ್' ಗುರುತಿನ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಪಟ್ಟಿಯ ಕೊನೆಯ ಹತ್ತಿರ 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಎಂದಿರುತ್ತದೆ. ಅದರೊಳಗಿನ 'ಯುಎಸ್‌ಬಿ ರೂಟ್ ಹಬ್' ಮೇಲೆ ಎರಡು ಸಲ ಒತ್ತಿ. 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಇದೆ ಎಂಬರ್ಥದ ಸಾಲಿನ ಮುಂದೆ ಟಿಕ್ ಇರುತ್ತದೆ. ಅದನ್ನು ತೆಗೆದು 'ಓಕೆ' ಒತ್ತಿ. ರೂಟ್ ಹಬ್ ಎರಡು ಮೂರು ಇದ್ದರೆ ಎಲ್ಲದಕ್ಕೂ ಹೀಗೆಯೇ ಮಾಡಿ. ಬ್ಯಾಟರಿ ಕೊಂಚ ಬೇಗ ಇಳಿಯಬಹುದು, ಅಷ್ಟೇ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟವೇ ಕಾಣಿಸದು. ಕಾಣಿಸದಿದ್ದರೆ ಬೇರೇನನ್ನೂ ಒತ್ತಲು ಹೋಗದೆ ಹೊರಗೆ ಬನ್ನಿ.

ಆಮೆ ವೇಗಕ್ಕೆ ಕಾರಣ ಏನು?

ಈಗ ಎರಡನೇ ದೂರು. 'ಕಾಪಿ ಆಗ್ತಾ ಇದೆ, ಆದ್ರೆ ಮುಗಿಯೋದೇ ಇಲ್ಲ ಕಣ್ರೀ!' ಸ್ವಲ್ಪ ಲೆಕ್ಕ ನೋಡೋಣ. 1998ರ ಯುಎಸ್‌ಬಿ 1.1ರ ವೇಗ ಸೆಕೆಂಡಿಗೆ 12 ಮೆಗಾಬಿಟ್. 2.0ರದು 480 ಮೆಗಾಬಿಟ್. 3.0ರದು 5000 ಮೆಗಾಬಿಟ್, ಅಂದರೆ 5 ಗಿಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್. ಹಾಗಾಗಿ 480 ಮೆಗಾಬಿಟ್ ಎಂದರೆ 60 ಮೆಗಾಬೈಟ್. ಅದೂ ಕಾಗದದ ಮೇಲೆ. ನಿಜದಲ್ಲಿ ಸಿಗುವುದು 30ರಿಂದ 40.

ಹತ್ತು ಜಿಬಿ ವಿಡಿಯೊ ಕಳಿಸಬೇಕೆನ್ನಿ. 1.1ರ ವೇಗದಲ್ಲಿ ಸುಮಾರು ಮೂರು ಗಂಟೆ. 2.0 ಪೋರ್ಟಿನಲ್ಲಿ ಐದು ನಿಮಿಷದ ಆಸುಪಾಸು. 3.0 ಪೋರ್ಟಿಗೆ ಹಾಕಿದ ಸಾಧಾರಣ ಹಾರ್ಡ್‌ಡಿಸ್ಕಿಗೆ ಎರಡು ನಿಮಿಷದೊಳಗೆ. ನಿಮ್ಮ ಮನೆಯಲ್ಲಿ ಇದಕ್ಕಿಂತ ತುಂಬ ಹೆಚ್ಚು ಹಿಡಿಯುತ್ತಿದೆಯೇ? ಹಾಗಾದರೆ ಈ ಕಾರಣಗಳನ್ನು ಒಂದೊಂದಾಗಿ ನೋಡಿ.

ವೇಗ ಯಾವಾಗಲೂ ಸರಪಳಿಯ ದುರ್ಬಲ ಕೊಂಡಿಯದು. ಪೋರ್ಟ್ 3.0, ಹಾರ್ಡ್‌ಡಿಸ್ಕ್ 3.0, ಆದರೆ ನಡುವಿನ ಕೇಬಲ್ 2.0 ಆಗಿದ್ದರೆ ಸಿಗುವುದು 2.0 ವೇಗವೇ. ಹಾರ್ಡ್‌ಡಿಸ್ಕಿನ ಹಿಂದೆ ಎರಡು ಭಾಗವಾಗಿ ಕಾಣುವ ಅಗಲ ಕಿಂಡಿ ಇದ್ದರೆ ಗಮನಿಸಿ. ಹಳೆಯ ಫೋನಿನ ಚಾರ್ಜರ್ ಕೇಬಲ್ ಅದರ ಅರ್ಧ ಭಾಗಕ್ಕೆ ಸೇರಿಕೊಳ್ಳುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ನಿಧಾನವಾಗಿ! ಟೈಪ್ ಸಿ ವಿಷಯದಲ್ಲೂ ಮೋಸ ಹೋಗಬೇಡಿ. ಫೋನಿನ ಜೊತೆ ಬರುವ ಬಹಳಷ್ಟು ಟೈಪ್ ಸಿ ಕೇಬಲ್‌ಗಳು ಚಾರ್ಜಿಂಗಿಗೆ ಗಟ್ಟಿ, ಮಾಹಿತಿಗೆ ಹಳೆಯ 2.0 ವೇಗದವೇ. ತುದಿಯ ಆಕಾರ ಬೇರೆ, ಒಳಗಿನ ವೇಗ ಬೇರೆ.

ಇನ್ನೊಂದು ತಮಾಷೆಯ ಕಾರಣವಿದೆ. 3.0 ಪ್ಲಗ್ಗಿನಲ್ಲಿ ಹಳೆಯ ನಾಲ್ಕು ಸಂಪರ್ಕಗಳು ಮುಂದೆ, ವೇಗದ ಐದು ಹಿಂದೆ ಇರುತ್ತವೆ. ತೀರಾ ಮೆಲ್ಲಗೆ, ಅರೆಮನಸ್ಸಿನಿಂದ ಸಿಕ್ಕಿಸಿದರೆ ಮುಂದಿನ ನಾಲ್ಕು ಮೊದಲು ತಾಗಿ, ಲ್ಯಾಪ್‌ಟಾಪ್ 'ಓ, ಇದು 2.0' ಎಂದು ತೀರ್ಮಾನಿಸಿಬಿಡಬಹುದು. ಆದ್ದರಿಂದ ನೇರವಾಗಿ ಹಿಡಿದು, ಒಂದೇ ಸಲಕ್ಕೆ, ಕೊನೆಯವರೆಗೂ ಸಿಕ್ಕಿಸಿ. ಬಲಪ್ರಯೋಗವಲ್ಲ, ಧೈರ್ಯ ಸಾಕು.

ಪೆನ್‌ಡ್ರೈವ್ ಮೇಲೆ 3.0 ಎಂದು ಬರೆದಿದ್ದರೂ ಅಗ್ಗದವುಗಳ ಬರೆಯುವ ವೇಗ ಸೆಕೆಂಡಿಗೆ 10 ಮೆಗಾಬೈಟಿಗಿಂತ ಕಡಿಮೆ ಇರುವುದುಂಟು. ಆಗ ಅದೇ ಹತ್ತು ಜಿಬಿಗೆ ಇಪ್ಪತ್ತು ನಿಮಿಷ ಬೇಕು. ಶುರುವಿನಲ್ಲಿ ಓಡಿ ಆಮೇಲೆ ಕುಂಟುವುದೂ ಇವುಗಳ ಗುಣ. ಪೋರ್ಟನ್ನು ಬೈದು ಪ್ರಯೋಜನವಿಲ್ಲ.

ಹಾಗೆಯೇ, ಹತ್ತು ಜಿಬಿಯ ಒಂದು ಸಿನಿಮಾ ಬೇಗ ಹೋಗುತ್ತದೆ, ಹತ್ತು ಜಿಬಿಯ ನಾಲ್ಕು ಸಾವಿರ ಫೋಟೊ ನಿಧಾನ. ಒಂದು ಮೂಟೆ ಅಕ್ಕಿ ಹೊತ್ತು ತರುವುದಕ್ಕೂ ಅದೇ ಅಕ್ಕಿಯನ್ನು ಪಾವು ಪಾವಾಗಿ ತರುವುದಕ್ಕೂ ಇರುವ ವ್ಯತ್ಯಾಸ. ಇದು ದೋಷವಲ್ಲ, ಕಾಪಿಗೆ ಹಾಕಿ ನಿಮ್ಮ ಕೆಲಸ ನೋಡಿಕೊಳ್ಳಿ.

ಮೌಸ್ ಕುಂಟುತ್ತಿದೆಯೇ?

ಹಾರ್ಡ್‌ಡಿಸ್ಕ್ ಹಾಕಿದ ಕೂಡಲೇ ವೈರ್ ಇಲ್ಲದ ಮೌಸ್ ತಡವರಿಸುತ್ತದೆ, ವೈಫೈ ನಿಧಾನವಾಗುತ್ತದೆ ಎಂದರೆ ನಂಬುತ್ತೀರಾ? ನಿಜ. 3.0 ವಸ್ತುಗಳು ಕೆಲಸ ಮಾಡುವಾಗ ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಗಳಿಗೆ ಅಡ್ಡಬರುತ್ತದೆ ಎಂದು 2012ರಲ್ಲಿ ಇಂಟೆಲ್ ಕಂಪನಿಯೇ ವಿವರಿಸಿದೆ. ವೈರ್‌ಲೆಸ್ ಮೌಸ್ ಮಾತಾಡುವುದೂ ಅದೇ ಅಲೆಯಲ್ಲಿ. ಪರಿಹಾರ ಸುಲಭ. ಮೌಸಿನ ಪುಟ್ಟ ರಿಸೀವರನ್ನು ಹಾರ್ಡ್‌ಡಿಸ್ಕಿನಿಂದ ದೂರ, ಲ್ಯಾಪ್‌ಟಾಪಿನ ಇನ್ನೊಂದು ಪಕ್ಕಕ್ಕೆ ಹಾಕಿ.

ಅಂಗಡಿಗೆ ಹೋಗುವ ಮುನ್ನ

ಎಲ್ಲ ಮಾಡಿದರೂ ಪೋರ್ಟ್ ಏಳಲಿಲ್ಲವೇ? ಪ್ಲಗ್ ಸಡಿಲವಾಗಿ ಅಲುಗಾಡುತ್ತಿದೆಯೇ? ಪೋರ್ಟ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿದೆಯೇ? ಆಗ ಮನೆಮದ್ದು ಸಾಕು, ವೈದ್ಯರ ಹತ್ತಿರ ಹೋಗಬೇಕು. ಸುಟ್ಟ ವಾಸನೆ ಬಂದರಂತೂ ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆದಿಡಿ.

ವಾರಂಟಿ ಇದೆಯೇ ಎಂದು ಬಿಲ್ ತೆಗೆದು ನೋಡಿ. ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ, ಹೊರಗೆ ಬಿಚ್ಚಿಸಬೇಡಿ. ಹೊರಗಿನ ಅಂಗಡಿಯಲ್ಲಿ 'ಮದರ್‌ಬೋರ್ಡ್ ಹೋಗಿದೆ ಮೇಡಂ' ಎಂದರೆ ತಕ್ಷಣ ಒಪ್ಪಬೇಡಿ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪಕ್ಕದ ಪೋರ್ಟುಗಳು ಪುಟ್ಟದೊಂದು ಪ್ರತ್ಯೇಕ ಬೋರ್ಡಿನ ಮೇಲಿರುತ್ತವೆ. ಅದನ್ನಷ್ಟೇ ಬದಲಿಸಬಹುದು, ಮದರ್‌ಬೋರ್ಡಿಗಿಂತ ಬಹಳ ಅಗ್ಗ. 'ಈ ಪೋರ್ಟ್ ಬೇರೆ ಬೋರ್ಡ್ ಮೇಲಿದೆಯಾ? ಬರೀ ಪೋರ್ಟ್ ಬದಲಾಯಿಸೋಕೆ ಆಗುತ್ತಾ?' ಎಂದು ಕೇಳಿ. 'ಬೇರೆ ಪೋರ್ಟಲ್ಲಿ ಸರಿಯಾಗಿ ಬರುತ್ತೆ, ಎರಡು ಕೇಬಲ್ ಹಾಕಿ ನೋಡಿದ್ದೀನಿ' ಎಂದು ನೀವು ಹೇಳಿದ ಕೂಡಲೇ ಎದುರಿಗಿರುವವರ ದನಿಯೇ ಬದಲಾಗುತ್ತದೆ, ನೋಡಿ! ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಮನೆಮಂದಿಯ ಫೋಟೊ ಇರುವ ಹಾರ್ಡ್‌ಡಿಸ್ಕನ್ನು ಲ್ಯಾಪ್‌ಟಾಪಿನ ಜೊತೆ ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ನೆನಪಿರಲಿ

• ಅಮೂಲ್ಯ ಫೋಟೊ, ವಿಡಿಯೊ ಯಾವಾಗಲೂ ಎರಡು ಕಡೆ ಇರಲಿ. ಒಂದೇ ಹಾರ್ಡ್‌ಡಿಸ್ಕನ್ನು ನಂಬಿ ಫೋನಿನಿಂದ ಅಳಿಸಬೇಡಿ.

• ಕಾಪಿ ಮುಗಿದ ಮೇಲೆ ನಾಲ್ಕಾರು ಫೋಟೊ ತೆರೆದು ನೋಡಿ, ಆಮೇಲಷ್ಟೇ ಹಳೆಯದನ್ನು ಅಳಿಸಿ.

• ಹಾರ್ಡ್‌ಡಿಸ್ಕನ್ನು 'ಇಜೆಕ್ಟ್' ಕೊಟ್ಟೇ ತೆಗೆಯಿರಿ. ತಿರುಗುತ್ತಿರುವಾಗ ಎತ್ತಿ ಸರಿಸಬೇಡಿ.

• ಯುಎಸ್‌ಬಿ ಫ್ಯಾನ್, ದೀಪ, ಸೊಳ್ಳೆ ಬ್ಯಾಟ್‌ಗಳನ್ನು ಲ್ಯಾಪ್‌ಟಾಪಿಗೆ ಹಾಕದೆ ಗೋಡೆಯ ಅಡಾಪ್ಟರಿಗೆ ಹಾಕಿ.

• ಪ್ಲಗ್ ಹಿಡಿದು ಎಳೆಯಿರಿ, ವೈರ್ ಹಿಡಿದು ಅಲ್ಲ. ಮಕ್ಕಳಿಗೂ ಇದೇ ಅಭ್ಯಾಸ ಮಾಡಿಸಿ.

• ಒಳ್ಳೆಯ ಕೇಬಲ್ ಒಂದನ್ನು ಹಾರ್ಡ್‌ಡಿಸ್ಕಿನ ಜೊತೆಗೇ ರಬ್ಬರ್‌ಬ್ಯಾಂಡ್ ಹಾಕಿ ಇಡಿ. ಅದು ಚಾರ್ಜಿಂಗಿಗೆ ಹೋಗದಿರಲಿ!

ಗ್ಯಾಸ್ ಸಿಲಿಂಡರಿನ ವಾಷರ್ ನೋಡುವುದು, ಮಿಕ್ಸಿ ನಿಂತರೆ ಅಡಿಯ ಕೆಂಪು ಗುಂಡಿ ಒತ್ತುವುದು, ಫ್ಯೂಸ್ ಹೋದರೆ ತಂತಿ ಕಟ್ಟುವುದು... ಇವನ್ನೆಲ್ಲ ನಮಗೆ ಯಾರೂ ಕ್ಲಾಸ್ ಮಾಡಿ ಕಲಿಸಲಿಲ್ಲ. ಮನೆ ನಡೆಸುತ್ತಾ ಕಲಿತೆವು. ಯುಎಸ್‌ಬಿ ಕಿಂಡಿಯೂ ಈಗ ಮನೆಯದೇ ಒಂದು ಭಾಗ. ಮನೆಯ ನೆನಪುಗಳೆಲ್ಲ ಅದರ ಮೂಲಕವೇ ಓಡಾಡುತ್ತಿರುವಾಗ ಅದರ ಕೀಲಿಕೈ ನಿಮ್ಮ ಹತ್ತಿರವೂ ಇರಬೇಕಲ್ಲವೇ? ಇವತ್ತೇ ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದು, ಯಾವ ಪೋರ್ಟ್ ಯಾವುದು ಎಂದು ಗುರುತು ಮಾಡಿಡಿ. ಹಾರ್ಡ್‌ಡಿಸ್ಕಿನಲ್ಲಿರುವುದರ ಇನ್ನೊಂದು ಪ್ರತಿಯನ್ನೂ ಈಗಲೇ ಮಾಡಿಕೊಳ್ಳಿ.